ಹಿನ್ನೀರಿಗೆ ಯಾವ ಜಿಪಿಎಸ್? ಮ್ಯಾಪ್ ಬಿಡಿ, ಜಾಡು ನೋಡಿ

ಕೆಆರ್‌ಎಸ್ ಹಿನ್ನೀರಿನ ದಡ ಎಲ್ಲಿದೆ ಎಂದು ಯಾವ ಮ್ಯಾಪೂ ಸರಿಯಾಗಿ ಹೇಳುವುದಿಲ್ಲ. ಹೇಳೋಕೆ ಆಗುವುದೂ ಇಲ್ಲ. ಕಟ್ಟೆ ತುಂಬಿ ಮಟ್ಟ 124.80 ಅಡಿ ಮುಟ್ಟಿದಾಗ ದಡ ಒಂದು ಕಡೆ. ಬೇಸಿಗೆಯಲ್ಲಿ ನೂರು ಅಡಿಗಿಂತ ಕೆಳಗೆ ಇಳಿದಾಗ ಅದು ಎಲ್ಲೋ ದೂರದಲ್ಲಿ. ನಡುವೆ ಬಿರುಕು ಬಿಟ್ಟ ಕೆಸರು, ಮೇಯುವ ಕುರಿಗಳು. 2023ರಲ್ಲಿ ಕಟ್ಟೆ ತುಂಬಲೇ ಇಲ್ಲ. 2025ರಲ್ಲಿ ಜೂನ್ ತಿಂಗಳಲ್ಲೇ ತುಂಬಿಬಿಟ್ಟಿತು. ಮೊಬೈಲ್ ಮ್ಯಾಪಿನಲ್ಲಿ ಮಾತ್ರ ವರ್ಷಪೂರ್ತಿ ಅದೇ ನೀಲಿ ಬಣ್ಣ, ಅದೇ ಅಂಚು.

ಅದಕ್ಕೇ, ದೋಣಿಗೆ ಯಾವ ಜಿಪಿಎಸ್ ತಗೊಳ್ಳಲಿ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವ ಮಾತು ಇದು: ಮ್ಯಾಪಿಗೆ ದುಡ್ಡು ಹಾಕಬೇಡಿ. ನೀವು ಹೋದ ಜಾಡನ್ನು ಚೆನ್ನಾಗಿ ಬರೆದಿಟ್ಟುಕೊಳ್ಳಬೇಕು, ಬಿಸಿಲಲ್ಲಿ ಕಾಣಬೇಕು, ಒದ್ದೆ ಕೈಗೆ ಬಗ್ಗಬೇಕು. ಇಷ್ಟು ಮಾಡುವ ಸಾಧನ ಸಾಕು. ಸಮುದ್ರದಲ್ಲಿ ದೋಣಿ ಬಿಡುವವರ ಕಥೆ ಬೇರೆ. ಅವರಿಗೆ ಆಳ, ಬಂಡೆ, ದೀಪಸ್ತಂಭ ಎಲ್ಲ ಗುರುತು ಮಾಡಿದ ನಕ್ಷೆಗಳಿವೆ. ಅಂಥ ನಕ್ಷೆ ಮಾಡುವ ನೌಕಾಪಡೆಯ ಕಚೇರಿ ಡೆಹ್ರಾಡೂನಿನಲ್ಲಿದೆ. ಮಂಗಳೂರು, ಕಾರವಾರದ ಕಡೆಯವರಿಗೆ ಅದು ಅನ್ನ ಕೊಡುವ ವಸ್ತು. ನಮ್ಮ ಹಿನ್ನೀರಿಗೆ ಆ ಲೆಕ್ಕ ನಡೆಯುವುದಿಲ್ಲ. ಯೂಟ್ಯೂಬಿನಲ್ಲಿ ಅಮೆರಿಕದವರು ತೋರಿಸುವ ದೊಡ್ಡ ಬಣ್ಣದ ಸ್ಕ್ರೀನ್ ನೋಡಿ ಆಸೆ ಪಟ್ಟುಕೊಳ್ಳುವವರು ಇಷ್ಟನ್ನು ಮೊದಲು ತಲೆಯಲ್ಲಿ ಇಟ್ಟುಕೊಳ್ಳಬೇಕು.

ನಾನು ಮೈಸೂರಿನಲ್ಲಿ ಗಾಡಿ ವೈರಿಂಗ್ ಮಾಡುವವನು. ಸೆಲ್ಫ್ ಮೋಟರ್, ಡೈನಮೋ, ಹಾರ್ನು, ಹೆಡ್‌ಲೈಟು, ಇದೇ ಹೊಟ್ಟೆಪಾಡು. ದೋಣಿ ಹುಚ್ಚು ಹಿಡಿಸಿದ್ದು ನನ್ನ ಭಾಮೈದ. ಅವನ ಹತ್ತಿರ ಇಬ್ಬರು ಕೂರುವ ಪ್ಲಾಸ್ಟಿಕ್ ಕಯಾಕ್ ಇದೆ. ಅವನ ಗೆಳೆಯನ ಹತ್ತಿರ ಹುಟ್ಟು ಹಾಕುವ ಸಣ್ಣ ಫೈಬರ್ ದೋಣಿ ಇದೆ. ಭಾನುವಾರ ಬೆಳಗ್ಗೆ ಇಲವಾಲ ದಾಟಿ ಮೀನಾಕ್ಷಿಪುರದ ಕಡೆ ಹೋಗುತ್ತೇವೆ, ಕೆಲವೊಮ್ಮೆ ಸಾಗರಕಟ್ಟೆ ಕಡೆ. ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರಬೇಕು ಎಂಬುದು ಹೆಂಡತಿಯ ಕರಾರು.

ಇಷ್ಟಕ್ಕೆಲ್ಲ ಜಿಪಿಎಸ್ ಯಾಕಪ್ಪಾ ಅಂತೀರಾ? ದಡ ಕಣ್ಣಿಗೆ ಕಾಣುತ್ತಲ್ಲ? ಕಾಣುತ್ತದೆ. ಆದರೆ ಧನುರ್ಮಾಸದ ಬೆಳಗ್ಗೆ ಮಂಜು ಇಳಿದಾಗ ಒಮ್ಮೆ ನೀರಿನ ಮೇಲೆ ಹೋಗಿ ನೋಡಿ. ದೋಣಿಯ ಮೂತಿ ಬಿಟ್ಟು ಏನೂ ಕಾಣದ ಹೊತ್ತಿರುತ್ತದೆ. ಹುಟ್ಟು ಹಾಕುತ್ತಾ ನೇರ ಹೋಗುತ್ತಿದ್ದೇವೆ ಎಂದುಕೊಳ್ಳುತ್ತೇವೆ, ಬಲಗೈ ಜೋರು ಇರುವವನು ಎಡಕ್ಕೇ ತಿರುಗುತ್ತಾ ಇರುತ್ತಾನೆ. ಎರಡನೆಯದು, ನೀರು ಇಳಿದ ಕಾಲದಲ್ಲಿ ಕಲ್ಲು, ಮರದ ಬೊಡ್ಡೆ, ಹಳೇ ಗೋಡೆಗಳು ನೀರಿನ ಮೈಗೆ ಹತ್ತಿರ ಬರುತ್ತವೆ. ಕಟ್ಟೆ ಕಟ್ಟಿದಾಗ ಊರೂರೇ ಮುಳುಗಿದ ಜಾಗ ಅಲ್ವಾ ಇದು. ಹಳೇ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನವೂ ನೀರೊಳಗೆ ಹೋಗಿ, ಬರಗಾಲದಲ್ಲಿ ಮಾತ್ರ ತಲೆ ಎತ್ತುತ್ತಿತ್ತು. ಆಮೇಲೆ ಅದನ್ನು ಹೊಸ ಕನ್ನಂಬಾಡಿಗೆ ಸಾಗಿಸಿ ಕಟ್ಟಿದರು. ಉಳಿದ ಊರುಗಳ ಕಲ್ಲುಗಳನ್ನು ಯಾರೂ ಸಾಗಿಸಲಿಲ್ಲ.

ಮೊದಲು ಮೊಬೈಲಿನ ವಿಷಯ ಮುಗಿಸಿಬಿಡೋಣ. ನೆಟ್‌ವರ್ಕ್ ಇಲ್ಲದಿದ್ದರೆ ಜಿಪಿಎಸ್ ನಡೆಯುವುದಿಲ್ಲ ಎಂದು ನಂಬಿದವರು ಬಹಳ ಜನ. ಹಾಗೇನಿಲ್ಲ. ಸ್ಯಾಟಲೈಟಿಂದ ಬರುವ ಸಂಕೇತವನ್ನು ಮೊಬೈಲ್ ಸುಮ್ನೆ ಕೇಳಿಸಿಕೊಳ್ಳುತ್ತದೆ ಅಷ್ಟೇ, ಅದಕ್ಕೆ ಸಿಮ್ ಕೂಡ ಬೇಡ. ನೆಟ್ ಇದ್ದರೆ ಯಾವ ಸ್ಯಾಟಲೈಟ್ ಎಲ್ಲಿದೆ ಎಂಬ ಪಟ್ಟಿ ಬೇಗ ಸಿಗುತ್ತದೆ. ಇಲ್ಲದಿದ್ದರೆ ಆ ಪಟ್ಟಿಯೂ ಆಕಾಶದಿಂದಲೇ ಇಳಿಯಬೇಕು. ಪೂರ್ತಿ ಪಟ್ಟಿ ಇಳಿಯಲು 12.5 ನಿಮಿಷ ಹಿಡಿಯುತ್ತದೆ. ಬಹಳ ದಿನ ಆಫ್ ಮಾಡಿಟ್ಟ ಜಿಪಿಎಸ್ ಮೊದಲ ಸಲ ಜಾಗ ಹುಡುಕಲು ಒದ್ದಾಡುವುದು ಇದಕ್ಕೇ. ಹಾಗಾಗಿ ದಡದಲ್ಲಿ ಟೀ ಕುಡಿಯುವಾಗಲೇ ಆನ್ ಮಾಡಿ ಬಾನೆಟ್ ಮೇಲೆ ಇಟ್ಟುಬಿಡಿ. ಓಸ್ಮ್‌ಆಂಡ್, ಆರ್ಗ್ಯಾನಿಕ್ ಮ್ಯಾಪ್ಸ್ ಥರದ ಆ್ಯಪ್‌ಗಳಲ್ಲಿ ಮ್ಯಾಪನ್ನು ಮನೆಯಲ್ಲೇ ಇಳಿಸಿಕೊಂಡು ಹೋಗಬಹುದು.

ಮೊಬೈಲ್ ಸೋಲುವುದು ಬೇರೆ ಕಡೆ. ಒದ್ದೆ ಬೆರಳಿಗೆ ಟಚ್ ಬಗ್ಗುವುದಿಲ್ಲ. ನೀರಿನ ಹನಿ ಬಿದ್ದರೆ ಅದನ್ನೇ ಬೆರಳು ಎಂದುಕೊಂಡು ಏನೇನೋ ಒತ್ತಿಕೊಳ್ಳುತ್ತದೆ. ಏಪ್ರಿಲ್ ಬಿಸಿಲಿಗೆ ಬಿಸಿಯಾಗಿ ಸ್ಕ್ರೀನ್ ಮಂಕಾಗುತ್ತದೆ, ಆಮೇಲೆ ತಾನೇ ಮಲಗುತ್ತದೆ. ಎಲ್ಲಕ್ಕಿಂತ ದೊಡ್ಡದು, ಏನಾದರೂ ಆದಾಗ ಫೋನ್ ಮಾಡಬೇಕಾದ ಸಾಧನವೂ ಅದೇ. ಅದರ ಬ್ಯಾಟರಿಯನ್ನು ದಾರಿ ನೋಡುವುದಕ್ಕೆ ಖರ್ಚು ಮಾಡುವುದು ನನಗೆ ಒಪ್ಪಿಗೆಯಾಗುವುದಿಲ್ಲ. ನಮ್ಮ ಮೊಬೈಲ್‌ಗಳು ನೀರು ಹೋಗದ ಚೀಲದಲ್ಲಿ, ಲೈಫ್ ಜಾಕೆಟ್ಟಿನ ಜೇಬಿನಲ್ಲಿ ಇರುತ್ತವೆ.

ಇನ್ನು ಕೈಯಲ್ಲಿ ಹಿಡಿಯುವ ಜಿಪಿಎಸ್. ಇಲ್ಲಿ ಜಾಸ್ತಿ ಸಿಗುವುದು, ಜಾಸ್ತಿ ಜನ ಕೇಳುವುದು ಗಾರ್ಮಿನ್. ಅದರಲ್ಲಿ ಇಟ್ರೆಕ್ಸ್ ಎಂಬ ಸಾಲು ಬೆಟ್ಟ ಹತ್ತುವವರಿಗೆ ಮಾಡಿದ್ದು. ಜಿಪಿಎಸ್‌ಮ್ಯಾಪ್ 79 ಥರದವು ನೀರಿನವರಿಗೇ ಮಾಡಿದ್ದು. ಎರಡೂ ಐಪಿಎಕ್ಸ್7, ಅಂದರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ತಡೆಯುತ್ತವೆ. ಆದರೆ ಒಂದು ವ್ಯತ್ಯಾಸ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಇರುವುದಿಲ್ಲ. ಜಿಪಿಎಸ್‌ಮ್ಯಾಪ್ 79 ತೇಲುತ್ತದೆ, ಇಟ್ರೆಕ್ಸ್ ಮುಳುಗುತ್ತದೆ. ಒಳಗೆ ನೀರು ಹೋಗದ ಸಾಧನ ಹಿನ್ನೀರಿನ ಕೆಸರಲ್ಲಿ ಕ್ಷೇಮವಾಗಿ ಕೂತಿದ್ದರೆ ನಮಗೇನು ಬಂತು? ಇಟ್ರೆಕ್ಸ್ ಕೊಂಡರೆ ದಾರ ಕಟ್ಟಿ, ಜೊತೆಗೆ ಒಂದು ತುಂಡು ಥರ್ಮಾಕೋಲ್ ಕಟ್ಟಿ. ಮೀನುಗಾರರ ಬಲೆಯಿಂದ ಕಲಿತ ಉಪಾಯ ಇದು. ಬಕೆಟ್ ನೀರಲ್ಲಿ ಬಿಟ್ಟು ತೇಲುತ್ತದೋ ಇಲ್ಲವೋ ನೋಡಿಯೇ ಹೊರಡಿ.

ಸ್ಕ್ರೀನ್ ಬಗ್ಗೆ ಒಂದು ಮಾತು. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಎಲ್ಲ ಸ್ಕ್ರೀನೂ ಚೆಂದ. ಹೊರಗೆ ಬಿಸಿಲಿಗೆ ತಂದು, ನಿಮ್ಮ ಕೂಲಿಂಗ್ ಗ್ಲಾಸ್ ಹಾಕಿಕೊಂಡು, ಸಾಧನವನ್ನು ಅಡ್ಡಡ್ಡ ಉದ್ದುದ್ದ ತಿರುಗಿಸಿ ನೋಡಿ. ಪೋಲರಾಯ್ಡ್ ಕನ್ನಡಕ ಹಾಕಿದಾಗ ಕೆಲವು ಸ್ಕ್ರೀನ್‌ಗಳು ಒಂದು ಕೋನದಲ್ಲಿ ಪೂರ್ತಿ ಕಪ್ಪಾಗಿಬಿಡುತ್ತವೆ. ಅಂಗಡಿಯವರು ಮುಖ ಸಿಂಡರಿಸಬಹುದು. ಸಿಂಡರಿಸಲಿ, ದುಡ್ಡು ನಮ್ಮದು. ಬಿಸಿಲು ಬಿದ್ದಷ್ಟೂ ಚೆನ್ನಾಗಿ ಕಾಣುವ ಸ್ಕ್ರೀನ್‌ಗಳಿವೆ. ಇಟ್ರೆಕ್ಸ್ ಎಸ್‌ಇಯಲ್ಲಿ ಇರುವುದು ಅಂಥದ್ದು. ಕಪ್ಪು-ಬಿಳುಪು, ನೋಡಿದರೆ ಹಳೇ ಕ್ಯಾಲ್ಕುಲೇಟರ್ ನೆನಪಾಗುತ್ತದೆ. ನಡು ಮಧ್ಯಾಹ್ನಕ್ಕೆ ಅದೇ ಸರಿ.

ಈಗ ದಿಕ್ಸೂಚಿ. ಕೊಳ್ಳುವಾಗ ಜನ ಗಮನಿಸದೆ ಬಿಡುವುದು, ನೀರಿಗೆ ಇಳಿದ ಮೇಲೆ ಒದ್ದಾಡುವುದು ಇದರಲ್ಲೇ.

ಜಿಪಿಎಸ್‌ಗೆ ನೀವು ಎಲ್ಲಿದ್ದೀರಿ ಎಂದು ಗೊತ್ತು. ಯಾವ ಕಡೆ ಮುಖ ಮಾಡಿದ್ದೀರಿ ಎಂದು ಗೊತ್ತಿಲ್ಲ. ಒಂದು ಜಾಗದಿಂದ ಇನ್ನೊಂದಕ್ಕೆ ಹೋದಾಗ, ಹೋ ಇವನು ಉತ್ತರಕ್ಕೆ ಹೊರಟಿದ್ದಾನೆ ಎಂದು ಲೆಕ್ಕ ಹಾಕುತ್ತದೆ. ಕಾರಿನಲ್ಲಿ ಇದರಿಂದ ತೊಂದರೆ ಇಲ್ಲ, ಕಾರು ಮೂತಿ ಇದ್ದ ಕಡೆಗೇ ಓಡುತ್ತದೆ. ದೋಣಿ ಹಾಗಲ್ಲ. ಹುಟ್ಟು ನಿಲ್ಲಿಸಿ ನೀರು ಕುಡಿಯುತ್ತಾ ಕೂತರೆ ಗಾಳಿ ಅದನ್ನು ಅಡ್ಡಡ್ಡ ತಳ್ಳುತ್ತದೆ. ಮೂತಿ ಉತ್ತರಕ್ಕಿದೆ, ದೋಣಿ ಪೂರ್ವಕ್ಕೆ ಜಾರುತ್ತಿದೆ. ಜಿಪಿಎಸ್ ಬಾಣ ಪೂರ್ವಕ್ಕೆ ತೋರಿಸುತ್ತದೆ. ಪೂರ್ತಿ ನಿಂತರಂತೂ ಬಾಣ ತಲೆಕೆಟ್ಟಂತೆ ಸುತ್ತುತ್ತದೆ. ಮಂಜಿನಲ್ಲಿ, ಎತ್ತ ಹೋಗಬೇಕು ಎಂದು ನಿಂತು ಯೋಚಿಸುವ ಹೊತ್ತಿಗೇ ಅದು ಕೈಕೊಡುವುದು.

ಒಳಗೆ ಎಲೆಕ್ಟ್ರಾನಿಕ್ ದಿಕ್ಸೂಚಿ ಇದ್ದರೆ ನಿಂತಾಗಲೂ ಸರಿಯಾದ ದಿಕ್ಕು ತೋರಿಸುತ್ತದೆ. ಇಟ್ರೆಕ್ಸ್ 22ಎಕ್ಸ್‌ನಲ್ಲಿ ಅದಿಲ್ಲ. 32ಎಕ್ಸ್‌ನಲ್ಲಿ ಇದೆ, ಜೊತೆಗೆ ಗಾಳಿಯ ಒತ್ತಡದಿಂದ ಎತ್ತರ ಅಳೆಯುವ ಸೆನ್ಸರೂ ಇದೆ. ನೀರಿನ ಮೇಲೆ ಎತ್ತರ ಅಳೆದು ಏನು ಮಾಡೋದು ಅನ್ನಬೇಡಿ. ಎತ್ತರ ಬದಲಾಗದ ಜಾಗದಲ್ಲಿ ಒತ್ತಡ ಇಳಿಯುತ್ತಾ ಬಂತು ಎಂದರೆ ಹವೆ ಕೆಡುತ್ತಿದೆ ಎಂದು ಅರ್ಥ. ಆದರೆ ಅದೊಂದಕ್ಕಾಗಿ ಜಾಸ್ತಿ ದುಡ್ಡು ಕೊಡಬೇಡಿ, ಪಡುವಣದ ಮೋಡ ನೋಡಿದರೂ ಗೊತ್ತಾಗುತ್ತದೆ. ಎಸ್‌ಇಯಲ್ಲಿ ಮ್ಯಾಪೇ ಇಲ್ಲ, ದಿಕ್ಸೂಚಿ ಮಾತ್ರ ಇದೆ. ಬೆಟ್ಟ ಹತ್ತುವವರು ಮ್ಯಾಪ್ ಇಲ್ಲದ ಜಿಪಿಎಸ್ ಯಾಕೆ ಬೇಕು ಎಂದು ಅದನ್ನು ಬೈಯುತ್ತಾರೆ. ಹಿನ್ನೀರಿನವರಿಗೆ ಅದೇ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ.

ಒಂದು ಎಚ್ಚರಿಕೆ. ಎಲೆಕ್ಟ್ರಾನಿಕ್ ದಿಕ್ಸೂಚಿಗೂ ಅಯಸ್ಕಾಂತ ಅಂದರೆ ಆಗದು. ಭಾಮೈದ ಕಯಾಕಿನ ಮುಂದೆ ಮೊಬೈಲ್ ಸಿಕ್ಕಿಸಲು ಮ್ಯಾಗ್ನೆಟ್ ಹೋಲ್ಡರ್ ಹಾಕಿಸಿದ್ದ. "ಭಾವ, ನಿಮ್ಮ ಡಬ್ಬ ಚಾಮುಂಡಿ ಬೆಟ್ಟಾನ ಉತ್ತರಕ್ಕೆ ತೋರಿಸ್ತಿದೆ," ಎಂದು ನಗುತ್ತಿದ್ದ. ಹೋಲ್ಡರಿನಿಂದ ಒಂದು ಮೊಳ ಹಿಂದಕ್ಕೆ ತಂದೆ, ಬಾಣ ನಿಧಾನಕ್ಕೆ ತಿರುಗಿ ಸರಿಯಾಯಿತು. ಮತ್ತೆ ಮುಂದಕ್ಕೆ ಒಯ್ದೆ, ಮತ್ತೆ ಕೆಟ್ಟಿತು. ಅವನ ನಗು ನಿಂತಿತು. ಬ್ಯಾಟರಿ ಬದಲಿಸಿದಾಗಲೆಲ್ಲ ದಿಕ್ಸೂಚಿಯನ್ನು ಮತ್ತೆ ಹೊಂದಿಸಬೇಕು, ಮೆನುವಿನಲ್ಲಿ ಹೇಳಿದಂತೆ ಕೈಯಲ್ಲಿ ಹಿಡಿದು ನಿಧಾನಕ್ಕೆ ಸುತ್ತಿಸಿದರೆ ಆಯಿತು. ಅದನ್ನು ಕಾರಿನ ಪಕ್ಕ ನಿಂತು ಮಾಡಬೇಡಿ, ಕಬ್ಬಿಣದಿಂದ ದೂರ ಹೋಗಿ.

ಬ್ಯಾಟರಿ ಎಂದಾಗ ನೆನಪಾಯಿತು. ಗೋಡೆ ಗಡಿಯಾರಕ್ಕೆ ಹಾಕುವ ಡಬಲ್ ಎ ಸೆಲ್ ಹಾಕುವ ಜಿಪಿಎಸ್‌ಗಳ ಪರ ನಾನು. ಸೆಲ್ ಮುಗಿದರೆ ಇಲವಾಲದ ಯಾವ ಅಂಗಡಿಯಲ್ಲೂ ಸಿಗುತ್ತದೆ. 22ಎಕ್ಸ್ ಎರಡು ಸೆಲ್ಲಿಗೆ 25 ಗಂಟೆ ಎಂದು ಕಂಪನಿ ಹೇಳುತ್ತದೆ. ಎಸ್‌ಇಗೆ 168 ಗಂಟೆ. ಸ್ಕ್ರೀನಿನ ಬಣ್ಣ ಬಿಟ್ಟಿದ್ದರ ಲಾಭ ಇದು. ಚಾರ್ಜ್ ಮಾಡುವ ಸೆಲ್ ಹಾಕಿದರೆ ಮೆನುವಿನಲ್ಲಿ ಅದನ್ನೇ ಆರಿಸಿ. ಮಾಮೂಲಿ ಸೆಲ್ 1.5 ವೋಲ್ಟ್, ಚಾರ್ಜ್ ಸೆಲ್ 1.2 ವೋಲ್ಟ್. ಹೇಳದೇ ಹೋದರೆ ತುಂಬಿದ ಸೆಲ್ಲನ್ನೂ ಅರ್ಧ ಖಾಲಿ ಎಂದು ತೋರಿಸುತ್ತದೆ.

ಜಾಡಿನ ವಿಷಯಕ್ಕೆ ಬರುತ್ತೇನೆ. ಇದೇ ನನ್ನ ಮುಖ್ಯ ಮಾತು.

ಇಟ್ರೆಕ್ಸ್ 22ಎಕ್ಸ್ ಒಂದು ಜಾಡಿನಲ್ಲಿ 10,000 ಚುಕ್ಕೆ ಬರೆದುಕೊಳ್ಳುತ್ತದೆ. ಸೆಕೆಂಡಿಗೆ ಒಂದು ಚುಕ್ಕೆ ಎಂದು ಹೊಂದಿಸಿದರೆ ಮೂರು ಗಂಟೆಯೊಳಗೇ ಮುಗಿಯಿತು. ಐದು ಸೆಕೆಂಡಿಗೊಂದು ಎಂದರೆ ಹೆಚ್ಚುಕಮ್ಮಿ 14 ಗಂಟೆ. ಹುಟ್ಟು ಹಾಕುವ ದೋಣಿ ಗಂಟೆಗೆ ಐದು ಕಿಲೋಮೀಟರ್ ಹೋದರೆ ಹೆಚ್ಚು. ಐದು ಸೆಕೆಂಡಿಗೆ ಏಳು ಮೀಟರ್ ಆಯಿತು. ಜಿಪಿಎಸ್ಸಿನ ತಪ್ಪೇ ಮೂರರಿಂದ ಐದು ಮೀಟರ್ ಇರುವಾಗ ಅದಕ್ಕಿಂತ ಸಣ್ಣದಾಗಿ ಬರೆದು ಪ್ರಯೋಜನ ಇಲ್ಲ. ಇನ್ನೊಂದು, ಗಾಳ ಹಾಕಿ ಒಂದೇ ಕಡೆ ಕೂತಾಗ ಆ ತಪ್ಪಿನಿಂದಲೇ ಚುಕ್ಕೆಗಳು ಸುತ್ತಮುತ್ತ ಗೀಚಿಕೊಳ್ಳುತ್ತವೆ, ದೂರವೂ ಸುಮ್ನೆ ಏರುತ್ತಾ ಹೋಗುತ್ತದೆ. ಭಾಮೈದ ಆ ಲೆಕ್ಕ ತೋರಿಸಿ ಮನೆಯಲ್ಲಿ ಎರಡು ಒಬ್ಬಟ್ಟು ಜಾಸ್ತಿ ಹಾಕಿಸಿಕೊಂಡಿದ್ದಾನೆ.

ಮನೆಗೆ ಬಂದ ಮೇಲೆ ಸಾಧನವನ್ನು ಕಂಪ್ಯೂಟರಿಗೆ ಸಿಕ್ಕಿಸಿದರೆ ಪೆನ್‌ಡ್ರೈವ್ ಹಾಗೆ ತೆರೆದುಕೊಳ್ಳುತ್ತದೆ. ಜಾಡು ಇರುವ ಜಿಪಿಎಕ್ಸ್ ಫೈಲನ್ನು ಎತ್ತಿಟ್ಟುಕೊಳ್ಳುತ್ತೇನೆ. ಮಗಳು ಇದನ್ನು ಕಲಿಸಿಕೊಟ್ಟಳು. ಫೈಲಿಗೆ ಹೆಸರು ಕೊಡುವುದು ಮಾತ್ರ ನನ್ನದೇ ಪದ್ಧತಿ. ತಾರೀಖಿನ ಜೊತೆ ಅವತ್ತಿನ ಕಟ್ಟೆಯ ಮಟ್ಟ ಬರೆಯುತ್ತೇನೆ. "ಮೀನಾಕ್ಷಿಪುರ 118" ಎಂದರೆ ಮಟ್ಟ 118 ಅಡಿ ಇದ್ದಾಗ ಹೋಗಿದ್ದು. ಮಟ್ಟ ಹುಡುಕುವುದು ಕಷ್ಟವಲ್ಲ. ಮೈಸೂರು, ಮಂಡ್ಯದಲ್ಲಿ ಪೇಪರ್ ಓದುವವರು ಚಿನ್ನದ ರೇಟಿಗಿಂತ ಮೊದಲು ನೋಡುವುದೇ ಅದನ್ನ.

ಇದರ ಉಪಯೋಗ ಒಂದೆರಡು ವರ್ಷ ಕಳೆದ ಮೇಲೆ ಗೊತ್ತಾಗುತ್ತದೆ. ಇವತ್ತು ಮಟ್ಟ 102 ಎಂದುಕೊಳ್ಳಿ. ಹಳೆಯದರಲ್ಲಿ 100, 101 ಅಡಿಯ ಜಾಡುಗಳಿದ್ದರೆ ಅವನ್ನು ಸಾಧನಕ್ಕೆ ಹಾಕಿಕೊಂಡು ಹೋಗುತ್ತೇನೆ. ಆ ಗೆರೆಯ ಮೇಲೆ ದೋಣಿ ಒಮ್ಮೆ ತೇಲಿ ಹೋಗಿದೆ, ಇವತ್ತೂ ತೇಲುತ್ತದೆ. 122 ಅಡಿಯ ಜಾಡನ್ನು ಅವತ್ತು ನಂಬಿದರೆ ಅದು ಬದುವಿನ ಮೇಲೆ ಕರೆದುಕೊಂಡು ಹೋಗುತ್ತದೆ. ಕಲ್ಲು ಸಿಕ್ಕ ಜಾಗಕ್ಕೂ ಹಾಗೇ ಗುರುತು ಹಾಕುತ್ತೇವೆ, "ಕಲ್ಲು 105" ಎಂದು. ಆ ಮಟ್ಟದಲ್ಲಿ ತಳಕ್ಕೆ ತಾಗಿತು ಎಂದು ಅರ್ಥ. ಯಾವ ಕಂಪನಿಯ ಮ್ಯಾಪಿನಲ್ಲೂ ಇದು ಬರುವುದಿಲ್ಲ. ಕಬಿನಿಯಲ್ಲಿ ಹೀಗೆ ಮಾಡುವವರು ನೆನಪಿಡಿ, ಅಲ್ಲಿ ಪೇಪರಿನಲ್ಲಿ ಬರುವ 2284 ಅಡಿ ಸಮುದ್ರಮಟ್ಟದಿಂದ ಎಣಿಸಿದ್ದು. ಕೆಆರ್‌ಎಸ್‌ನ 124.80 ಕಟ್ಟೆಯ ಅಳತೆಪಟ್ಟಿಯದು. ಜಿಪಿಎಸ್ ತೋರಿಸುವ ಎತ್ತರ ಇಲ್ಲಿ ಎರಡಕ್ಕೂ ಉಪಯೋಗವಿಲ್ಲ. ಅಕ್ಕಪಕ್ಕದ ತಪ್ಪಿಗಿಂತ ಮೇಲೆ ಕೆಳಗಿನ ತಪ್ಪು ಯಾವಾಗಲೂ ಜಾಸ್ತಿ.

ಅಂಗಡಿಯಲ್ಲಿ ನಿಮ್ಮ ತಲೆ ತಿನ್ನುವ ಇನ್ನೊಂದು ವಿಷಯ, ಎಷ್ಟು ದೇಶಗಳ ಸ್ಯಾಟಲೈಟ್ ಹಿಡಿಯುತ್ತದೆ ಎನ್ನುವುದು. ಅಮೆರಿಕದ ಜಿಪಿಎಸ್, ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈಡೂ. ನಮ್ಮದು ನಾವಿಕ್. ಅದರ ಸ್ಯಾಟಲೈಟುಗಳನ್ನು ನೋಡಿಕೊಳ್ಳುವುದು ನಮ್ಮ ಪಕ್ಕದ ಹಾಸನದಿಂದಲೇ. ನಾವಿಕ್ ಮೊದಲು ಎಲ್5 ಮತ್ತು ಎಸ್ ಎಂಬ ತರಂಗಗಳಲ್ಲಿ ಮಾತ್ರ ಬರುತ್ತಿತ್ತು. ಸಾಮಾನ್ಯ ಸಾಧನಗಳಿಗೆ ಅದು ಕೇಳಿಸುತ್ತಿರಲಿಲ್ಲ. 2023ರ ಮೇ 29ರಂದು ಹಾರಿಸಿದ ಎನ್‌ವಿಎಸ್-01ರಿಂದ ಎಲ್1 ಎಂಬ ಎಲ್ಲರೂ ಬಳಸುವ ತರಂಗವೂ ಸೇರಿದೆ. ಅಭಿಮಾನಕ್ಕೆ ನಾವಿಕ್ ಬೇಕು ಎಂದರೆ ತಗೊಳ್ಳಿ, ಪೆಟ್ಟಿಗೆ ಮೇಲೆ ಐಆರ್‌ಎನ್‌ಎಸ್‌ಎಸ್ ಎಂಬ ಹಳೇ ಹೆಸರೂ ಇರಬಹುದು. ಆದರೆ ಹಿನ್ನೀರಿನ ನಡುವೆ ತಲೆ ಮೇಲೆ ಪೂರ್ತಿ ಆಕಾಶ ತೆರೆದಿರುತ್ತದೆ. ಕಟ್ಟಡ ಇಲ್ಲ, ಕಣಿವೆ ಇಲ್ಲ. ಎರಡು ತರಂಗ ಹಿಡಿಯುವ ದುಬಾರಿ ಸಾಧನಕ್ಕೆ ಇಲ್ಲಿ ತೋರಿಸಿಕೊಳ್ಳುವಂಥದ್ದು ಏನೂ ಇಲ್ಲ. ಮೆನುವಿನಲ್ಲಿ ವಾಸ್ ಅಥವಾ ಎಸ್‌ಬಿಎಎಸ್ ಎಂದು ಇದ್ದರೆ ಆನ್ ಮಾಡಿ. ವಿಮಾನಗಳಿಗೆ ದಾರಿ ತೋರಿಸಲು ಇಸ್ರೊ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಮಾಡಿದ ಗಗನ್ ವ್ಯವಸ್ಥೆಯ ತಿದ್ದುಪಡಿ ಅದರಿಂದ ಸಿಗುತ್ತದೆ. ಬಿಟ್ಟಿ.

ಇದನ್ನು ಮಾತ್ರ ಎರಡು ಸಲ ಓದಿ. ಗಾರ್ಮಿನ್ ಮಾದರಿಯ ಕೊನೆಗೆ ಐ ಎಂಬ ಅಕ್ಷರ ಇದ್ದರೆ, ಉದಾಹರಣೆಗೆ 66ಐ, 67ಐ, 86ಐ, ಅದರಲ್ಲಿ ಇನ್‌ರೀಚ್ ಇದೆ. ಅಂದರೆ ಅದು ಸ್ಯಾಟಲೈಟಿಗೆ ಮೆಸೇಜ್ ಕಳಿಸುತ್ತದೆ. ನಮ್ಮ ದೇಶದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಅದನ್ನು ಇಟ್ಟುಕೊಳ್ಳುವ ಹಾಗಿಲ್ಲ. ವಿದೇಶದಿಂದ ಬಂದ ಚಾರಣಿಗರನ್ನು ವಿಮಾನ ನಿಲ್ದಾಣದಲ್ಲೇ ಇದಕ್ಕಾಗಿ ಹಿಡಿದಿದ್ದಾರೆ. ದುಬೈಯಿಂದಲೋ ಅಮೆರಿಕದಿಂದಲೋ ಬರುವ ನೆಂಟರಿಗೆ, ಬರುವಾಗ ಒಂದು ಜಿಪಿಎಸ್ ತನ್ನಿ ಎಂದು ಹೇಳುವವರು ಮಾದರಿಯ ಹೆಸರು ಪೂರ್ತಿ ಬರೆದು ಕಳಿಸಿ. ಸಂಕೇತ ಕೇಳಿಸಿಕೊಳ್ಳುವ ಮಾಮೂಲಿ ಜಿಪಿಎಸ್‌ಗೆ ಈ ತಾಪತ್ರಯ ಇಲ್ಲ.

ಒಂದು ದಿನ ಹೊಸ ಕನ್ನಂಬಾಡಿ ಕಡೆ ತೆಪ್ಪದಲ್ಲಿ ಬಲೆ ಎತ್ತುತ್ತಿದ್ದ ಯಜಮಾನರೊಬ್ಬರು ನಮ್ಮ ಜಿಪಿಎಸ್ ಕೈಗೆ ತಗೊಂಡು ತಿರುಗಿಸಿ ಮುರುಗಿಸಿ ನೋಡಿದರು. "ನೀರು ಎಸ್ಟ್ ಆಳ ಅದೆ ಅಂತ ಇದ್ಕೆ ಗೊತ್ತಾಯ್ತದಾ ಸಾ?" ಎಂದರು. ಇಲ್ಲ ಯಜಮಾನ್ರೇ, ಎಲ್ಲಿದ್ದೀವಿ ಅಂತಷ್ಟೇ ಹೇಳುತ್ತೆ ಎಂದೆ. "ಅದು ನಂಗೂ ಗೊತ್ತಲ್ಲ ಸಾ," ಎಂದು ವಾಪಸ್ ಕೊಟ್ಟರು. ಅವರ ಲೆಕ್ಕ ಬೇರೆ. ಚಾಮುಂಡಿ ಬೆಟ್ಟದ ತುದಿ ದಡದ ಎರಡು ತೆಂಗಿನ ಮರದ ನಡುವೆ ಬಂದರೆ, ಇನ್ನೊಂದು ಕಡೆ ಗೋಪುರ ಒಂಟಿ ಆಲದ ಮರಕ್ಕೆ ಹೊಂದಿಕೊಂಡರೆ, ಕೆಳಗೆ ಕಲ್ಲಿದೆ. ಎರಡು ಗೆರೆ ಕೂಡಿದ ಕಡೆ ಒಂದು ಚುಕ್ಕೆ. ಅವರಿಗೆ ಸೆಲ್ಲೂ ಬೇಡ.

ಆದರೆ ಅವರು ಕೇಳಿದ್ದು ಸರಿಯಾದ ಪ್ರಶ್ನೆ. ಆಳ ಬೇಕು ಎಂದರೆ ಫಿಶ್‌ಫೈಂಡರ್ ಹಾಕಬೇಕು. ನೀರಿನೊಳಗೆ ಶಬ್ದ ಬಿಟ್ಟು, ತಳಕ್ಕೆ ಬಡಿದು ಬರುವ ಹೊತ್ತು ಅಳೆಯುತ್ತದೆ. ಶಬ್ದ ನೀರಲ್ಲಿ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. ಗಾರ್ಮಿನ್ ಸ್ಟ್ರೈಕರ್ 4 ಎಂಬ ಸಣ್ಣದರಲ್ಲಿ ಮ್ಯಾಪ್ ಇಲ್ಲ, ಆದರೆ ಜಿಪಿಎಸ್ ಇದೆ, ಜಾಡು ಬರೆಯುತ್ತದೆ, ಗುರುತು ಹಾಕಬಹುದು. ಸ್ಟ್ರೈಕರ್ ಪ್ಲಸ್‌ನಲ್ಲಿ ನೀವು ಓಡಾಡಿದ ಕಡೆಯೆಲ್ಲ ಆಳದ ನಕ್ಷೆಯನ್ನು ತಾನೇ ಬರೆಯುವ ಸೌಕರ್ಯವೂ ಇದೆ. ಫೈಬರ್ ದೋಣಿಗೆ ಇದೇ ಸರಿ ಎನ್ನುತ್ತೇನೆ. ಕಯಾಕಿಗೆ ಕೈಯ ಜಿಪಿಎಸ್ ಸಾಕು.

ವೈರಿಂಗ್ ನನ್ನ ಕಸುಬು, ಆದ್ದರಿಂದ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಸ್ಟ್ರೈಕರ್ 4 ಎಳೆಯುವುದು ಕಾಲು ಆಂಪಿಯರ್ ಆಸುಪಾಸು. ಯುಪಿಎಸ್‌ಗೆ ಹಾಕುವ 12 ವೋಲ್ಟ್ 7 ಎಎಚ್ ಬ್ಯಾಟರಿ ಇಟ್ಟರೆ, ಅರ್ಧ ಮಾತ್ರ ಬಳಸಿದರೂ ಒಂದು ಹಗಲು ಆರಾಮಾಗಿ ಬರುತ್ತದೆ. ಮೂಲೆಯಲ್ಲಿ ಪ್ಲಾಸ್ಟಿಕ್ ಡಬ್ಬದಲ್ಲಿ ಕೂರುತ್ತದೆ. ಫ್ಯೂಸ್ ಬ್ಯಾಟರಿಯ ಪ್ಲಸ್ ತುದಿಯ ಹತ್ತಿರವೇ ಇರಬೇಕು, ಸಾಧನದ ಹತ್ತಿರ ಅಲ್ಲ. ವೈರ್ ಎಲ್ಲಿ ಉಜ್ಜಿ ಶಾರ್ಟ್ ಆದರೂ ಹಿಂದಿನಿಂದಲೇ ಕಡಿಯಬೇಕು. ವೈರ್ ತಿರುಚಿ ಟೇಪ್ ಸುತ್ತುವ ಕೆಲಸ ಗಾಡಿಯಲ್ಲಿ ಹೇಗೋ ನಡೆದುಬಿಡುತ್ತದೆ, ದೋಣಿಯಲ್ಲಿ ನಡೆಯುವುದಿಲ್ಲ. ಒಂದೇ ಮಳೆಗಾಲಕ್ಕೆ ತಾಮ್ರ ಹಸಿರಾಗಿ ಪುಡಿಯಾಗುತ್ತದೆ. ವೈರ್ ತುದಿಗೆ ಲೋಹದ ಲಗ್ ಒತ್ತಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಕೊಳವೆ ಹಾಕಿ ಬಿಸಿ ಮಾಡಿ. ಸೆಲ್ಫ್ ಇರುವ ಇಂಜಿನ್ ದೋಣಿಯಾದರೆ ಜಿಪಿಎಸ್‌ಗೆ ಬೇರೆ ಬ್ಯಾಟರಿಯೇ ಇಡಿ. ಸೆಲ್ಫ್ ಹೊಡೆದ ಕ್ಷಣ ವೋಲ್ಟೇಜ್ ಇಳಿದು ಸ್ಕ್ರೀನ್ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಆಮೇಲೆ ಸಾಧನ ಕೆಟ್ಟಿದೆ ಎಂದು ಅಂಗಡಿಗೆ ಅಲೆಯುತ್ತೀರಿ.

ಅಗ್ಗದ ಯುಎಸ್‌ಬಿ ಚಾರ್ಜರ್ ಬಗ್ಗೆಯೂ ಹೇಳಬೇಕು. ಅದರೊಳಗಿನ ಸರ್ಕ್ಯೂಟ್ ರೇಡಿಯೋ ಗದ್ದಲ ಮಾಡುತ್ತದೆ. ಸ್ಯಾಟಲೈಟ್ ಸಂಕೇತ ಸುಮಾರು 20,200 ಕಿಲೋಮೀಟರ್ ಮೇಲಿಂದ ಬರುವ ಬಡಕಲು ಸಂಕೇತ, ಪಕ್ಕದಲ್ಲೇ ಗದ್ದಲ ಇದ್ದರೆ ಮುಳುಗಿಹೋಗುತ್ತದೆ. ನನ್ನ ಬೆಂಚಿನ ಮೇಲೆ ಇದನ್ನು ನೋಡಬಹುದು. ಜಿಪಿಎಸ್‌ನಲ್ಲಿ ಸ್ಯಾಟಲೈಟ್ ಪುಟ ತೆರೆದಿಡಿ, ಸಂಕೇತದ ಬಲ ತೋರಿಸುವ ಉದ್ದುದ್ದ ಪಟ್ಟಿಗಳು ಕಾಣುತ್ತವೆ. ಪಕ್ಕದಲ್ಲಿ ಆ ಚಾರ್ಜರ್ ಹಾಕಿ. ಪಟ್ಟಿಗಳು ಒಂದೊಂದಾಗಿ ಕುಗ್ಗುತ್ತವೆ, ಒಂದೆರಡು ಮಾಯವೇ ಆಗುತ್ತವೆ. ತೆಗೆಯಿರಿ, ಮತ್ತೆ ಏಳುತ್ತವೆ. ದೋಣಿಯಲ್ಲಿ ಯಾವುದನ್ನು ಎಲ್ಲಿ ಕೂರಿಸಬೇಕು ಎಂದು ತೂತು ಕೊರೆಯುವ ಮೊದಲು ಇದೇ ಪುಟ ನೋಡಿ ನಿರ್ಧಾರ ಮಾಡಿ. ಕಾರಿನಲ್ಲಿ ಜಿಪಿಎಸ್ ಸರಿ ಬರುತ್ತಿಲ್ಲ ಎಂದು ಬರುವವರ ಗಾಡಿಯಲ್ಲೂ ನಾನು ಮೊದಲು ಕಿತ್ತು ನೋಡುವುದು ಚಾರ್ಜರನ್ನೇ.

ಗುರುತುಗಳನ್ನು ಬೇರೆಯವರ ಹತ್ತಿರ ತಗೊಳ್ಳುವಾಗ ಬರೆಯುವ ರೀತಿ ಕೇಳಿಕೊಳ್ಳಿ. ಕೆಆರ್‌ಎಸ್ ಕಟ್ಟೆ ಅಕ್ಷಾಂಶ 12.416 ಡಿಗ್ರಿ ಆಸುಪಾಸು. ಅದನ್ನೇ 12 ಡಿಗ್ರಿ 41.6 ನಿಮಿಷ ಎಂದು ಒತ್ತಿದರೆ ಜಾಗ ಮೂವತ್ತು ಕಿಲೋಮೀಟರ್ ಉತ್ತರಕ್ಕೆ ಸರಿದು ಮೇಲುಕೋಟೆಯನ್ನೂ ದಾಟುತ್ತದೆ. ಅಲ್ಲಿ ಪುಳಿಯೋಗರೆ ಚೆನ್ನಾಗಿರುತ್ತದೆ, ದೋಣಿ ಬಿಡಲು ಮಾತ್ರ ಕಷ್ಟ.

ಕೊನೆಯದು ಅನುಮತಿ. ಕಟ್ಟೆಯ ಹತ್ತಿರ, ರಂಗನತಿಟ್ಟಿನ ಪಕ್ಷಿಧಾಮದಲ್ಲಿ, ಕಬಿನಿಯ ಕಾಡಂಚಿನಲ್ಲಿ ನಮ್ಮಿಷ್ಟಕ್ಕೆ ದೋಣಿ ಬಿಡುವ ಹಾಗಿಲ್ಲ. ಉಳಿದ ಕಡೆಯೂ ಇಳಿಸುವ ಮುಂಚೆ ಕೇಳಿಕೊಳ್ಳಿ. ಇದಕ್ಕೂ ಜಿಪಿಎಸ್ ನೆರವಾಗುತ್ತದೆ. ಹೋಗಬಾರದ ಕಡೆ ಒಂದು ಗುರುತು ಹಾಕಿ, ಅದರ ಸುತ್ತ ಇಷ್ಟು ಮೀಟರ್ ಎಂದು ಅಲಾರಂ ಇಡಬಹುದು. ಹತ್ತಿರ ಹೋದರೆ ಕೂಗುತ್ತದೆ. ಅಲಾರಂ ಇದೆಯೋ ಇಲ್ಲವೋ ಕೊಳ್ಳುವಾಗಲೇ ಕೇಳಿ. ನೀರಿನವರಿಗೆ ಮಾಡಿದ ಸಾಧನಗಳಲ್ಲಿ ಯಾರಾದರೂ ನೀರಿಗೆ ಬಿದ್ದರೆ ಆ ಕ್ಷಣದ ಜಾಗವನ್ನು ಗುರುತಿಸಿ ವಾಪಸ್ ಕರೆದೊಯ್ಯುವ ಬಟನ್ನೂ ಇರುತ್ತದೆ. ನಮ್ಮಲ್ಲಿ ಅದು ಇದುವರೆಗೆ ಭಾಮೈದನ ಟೋಪಿಗೆ ಬಳಕೆಯಾಗಿದೆ. ಆಷಾಢದ ಗಾಳಿಗೆ ಯಾವ ಬಟನ್ನೂ ಸಾಲದು, ಆ ತಿಂಗಳು ನಾವು ದೋಣಿ ತೆಗೆಯುವುದಿಲ್ಲ.

ಸಾಗರಕಟ್ಟೆ ರೈಲು ಸೇತುವೆಯ ಆಚೆ ಆಳದ ನಕ್ಷೆ ಮಾಡಿಟ್ಟುಕೊಂಡವರು ಯಾರಾದರೂ ಇದ್ದರೆ ನನಗೊಂದು ಪ್ರತಿ ಬೇಕು. ಎಷ್ಟು ಅಡಿ ಮಟ್ಟದಲ್ಲಿ ಮಾಡಿದ್ದು ಎಂದೂ ಬರೆದು ಕಳಿಸಿ. ನನ್ನ ಹತ್ತಿರ ಮೀನಾಕ್ಷಿಪುರದ ಕಡೆಯ ಜಾಡುಗಳಿವೆ, ಬದಲಿಗೆ ಕೊಡುತ್ತೇನೆ.